ದಡ ಮುಟ್ಟದ ತೀರಯಾನ



ದಸರಾ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಬಳಗದಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆ ಒಂದೇ: "ಈ ಸಲ ಎಲ್ಲರೂ ಸೇರಿ ಎಲ್ಲಿಗೆ?" ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಸಂಬಳದಲ್ಲಿ ಬದುಕು ಕಟ್ಟಿಕೊಂಡ ಮನೆಗಳಲ್ಲಿ ಈ ಪ್ರಶ್ನೆಗೆ ಹಿಂದೆ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಎಲ್‌ಟಿಸಿ ಮಂಜೂರಾದರೆ ಕಾಶಿ, ರಾಮೇಶ್ವರ. ಆಗದಿದ್ದರೆ ಧರ್ಮಸ್ಥಳ, ಶೃಂಗೇರಿ. ಈಗ ಕೆಲವು ವರ್ಷಗಳಿಂದ ಹೊಸದೊಂದು ಉತ್ತರ ಕೇಳಿಬರುತ್ತಿದೆ: "ಕ್ರೂಸ್‌ಗೆ ಹೋಗೋಣ." ಅಜ್ಜ-ಅಜ್ಜಿಯರು, ಮಕ್ಕಳು-ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಒಂದೇ ಹಡಗಿನಲ್ಲಿ, ನಮ್ಮ ಪಡುಗಡಲಿನ ತೀರದುದ್ದಕ್ಕೂ ನಾಲ್ಕೈದು ದಿನ. ಈ ವರ್ಷವೂ ಬಂಧುಗಳಿಬ್ಬರು ನನ್ನ ಅಭಿಪ್ರಾಯ ಕೇಳಿದ್ದಾರೆ. ಹಳೆಯ ಶಿಷ್ಯನೊಬ್ಬ, "ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ ಮೇಷ್ಟ್ರೇ?" ಎಂದು ದೂರವಾಣಿಯಲ್ಲಿ ವಿಚಾರಿಸಿದ್ದಾನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು: ದಡ ಮುಟ್ಟದ ಯಾನ ತೀರಯಾನವಲ್ಲ. ತೀರದ ಹೆಸರು ಹೇಳಿ ತೀರವನ್ನೇ ಮರೆಸುವ ಪ್ರಯಾಣಕ್ಕೆ ನಮ್ಮ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವುದನ್ನು ನಾನು ವಿರೋಧಿಸುತ್ತೇನೆ. ಕಡಲನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ, ಕೂಡಿ ಹೋಗಬಾರದೆಂದೂ ಹೇಳುತ್ತಿಲ್ಲ. ಅವೆರಡೂ ನನಗೆ ಪ್ರಿಯವಾಗಿರುವುದರಿಂದಲೇ ಈ ವಿರೋಧ.

ಮೊದಲು ಋತುವಿನ ಮಾತು. ಶರತ್ಕಾಲಕ್ಕೂ ನಮ್ಮ ಕಡಲಿಗೂ ಇರುವ ನಂಟು ಪ್ರವಾಸದ ಅಂಗಡಿಯವರು ಕಟ್ಟಿದ್ದಲ್ಲ. ಮುಂಗಾರಿನಲ್ಲಿ ಅರಬ್ಬೀ ಸಮುದ್ರ ಮುಚ್ಚಿದ ಬಾಗಿಲು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಬೆಳೆಯಲೆಂಬುದು ಅದರ ಉದ್ದೇಶ. ಶ್ರಾವಣದ ನೂಲ ಹುಣ್ಣಿಮೆಯ ಸುಮಾರಿಗೆ ಕರಾವಳಿಯ ಜನ ಕಡಲಿಗೆ ತೆಂಗಿನಕಾಯಿ, ಹಾಲು, ಹೂವುಗಳನ್ನು ಅರ್ಪಿಸಿ "ಇನ್ನು ಶಾಂತಳಾಗು ತಾಯಿ" ಎಂದು ಬೇಡಿಕೊಂಡು ದೋಣಿ ಇಳಿಸುತ್ತಾರೆ. ಆಶ್ವಯುಜ, ಕಾರ್ತಿಕಗಳಲ್ಲಿ ನೀರು ತಿಳಿಯಾಗುತ್ತದೆ. ಹಿಂದಿನ ಕಾಲದ ಪ್ರಯಾಣಿಕರ ಹಡಗುಗಳೂ ಮಳೆಗಾಲದಲ್ಲಿ ನಿಂತು, ಮಳೆ ಹಿಂದೆಗೆದ ಮೇಲೆ ಮತ್ತೆ ಓಡಾಡುತ್ತಿದ್ದವು. ಹೀಗಾಗಿ ಶರತ್ಕಾಲದ ತೀರಯಾನ ನಮಗೆ ಹೊಸ ವಿಲಾಸವೇನಲ್ಲ; ನಮ್ಮ ಕರಾವಳಿಯವರಿಗೆ ಅದು ತಲೆತಲಾಂತರದ ದಿನಚರಿ.

ಆ ಹಳೆಯ ಹಡಗುಗಳ ವಿಷಯವನ್ನು ಕಿರಿಯರು ತಿಳಿದಿರಬೇಕು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ್ದ ದಿನಗಳವು. ಕಾರವಾರದ ಬಂದರಿನ ಮೇಲೆ ವ್ಯಾಪಾರಿಗಳ ಕಣ್ಣು ಬಿದ್ದಿತ್ತು. ಅಂದಿನಿಂದ ಕಾರವಾರದವನಿಗೆ ರಾಜಧಾನಿ ಎಂದರೆ ಮುಂಬಯಿ, ಅಲ್ಲಿಗೆ ದಾರಿ ಎಂದರೆ ಕಡಲು. ಘಟ್ಟ ಹತ್ತಿ ಇಳಿಯುವುದಕ್ಕಿಂತ ಹಡಗು ಹತ್ತುವುದು ಸುಲಭವಾಗಿತ್ತು. ಮುಂಬಯಿಯಿಂದ ಹೊರಟ ಉಗಿಹಡಗುಗಳು ಕೊಂಕಣದ ಊರುಗಳನ್ನು ಮುಟ್ಟುತ್ತ ಕನ್ನಡ ಕರಾವಳಿಗೆ ಬಂದು ಮಂಗಳೂರನ್ನು ಸೇರುತ್ತಿದ್ದವು. ಹಲವು ಬಂದರುಗಳಲ್ಲಿ ಹಡಗು ತಾಗುವಷ್ಟು ಆಳದ ಕಟ್ಟೆ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ದಡದಿಂದ ದೋಣಿಗಳು ಹೋಗಿ ಜನರನ್ನೂ ಅವರ ಗಂಟುಮೂಟೆಗಳನ್ನೂ ಏರಿಸಿ ಇಳಿಸುತ್ತಿದ್ದವು. ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಹೋದ ಕರಾವಳಿಯ ಹುಡುಗರು ಹೀಗೆಯೇ ಹೋದರು. ಮಾಲೀಕರಾಗಿ ಊರ ಜಾತ್ರೆಗೆ ಬಂದವರೂ ಹೀಗೆಯೇ ಬಂದರು.

ಇದನ್ನೆಲ್ಲ ಸುವರ್ಣಯುಗವೆಂದು ಹಾಡಿಹೊಗಳುವುದು ನನ್ನ ಉದ್ದೇಶವಲ್ಲ. ಬಡವರು ಬಯಲು ಅಟ್ಟದ ಮೇಲೆ ಚಾಪೆ ಹಾಸಿ, ವಾಂತಿ ಮಾಡಿಕೊಳ್ಳುತ್ತ, ಬಿಸಿಲು-ತುಂತುರುಗಳಲ್ಲಿ ಹೋಗುತ್ತಿದ್ದರು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಎಂಬ ಹಡಗು ಮಳೆಗಾಲದ ಅಲೆಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಆದ್ದರಿಂದ ರಸ್ತೆ ಬಂದು, ನದಿಗಳಿಗೆ ಸೇತುವೆ ಬಂದು, 1998ರ ಜನವರಿ 26ರಂದು ಕೊಂಕಣ ರೈಲ್ವೆಯ ಪೂರ್ಣ ಮಾರ್ಗದಲ್ಲಿ ರೈಲು ಸಂಚಾರ ಆರಂಭವಾದಾಗ ಕರಾವಳಿಯ ಜನ ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಹಡಗು ಹೋಯಿತಲ್ಲಾ ಎಂದು ನಾನು ಅಳುತ್ತಿಲ್ಲ. ಆದರೆ ಆ ಹಡಗಿಗೆ ಒಂದು ಗುಣವಿತ್ತು: ಅದು ನಿಲ್ಲುತ್ತಿತ್ತು. ಊರೂರಿಗೂ ನಿಂತು, ಊರವರನ್ನು ಇಳಿಸಿ, ಊರವರನ್ನು ಹತ್ತಿಸಿಕೊಂಡು ಮುಂದೆ ಹೋಗುತ್ತಿತ್ತು. ತೀರದ ಜನ ಇಲ್ಲದೆ ಆ ಹಡಗಿಗೆ ಬದುಕೇ ಇರಲಿಲ್ಲ.

ಈಗ ಬಂದಿರುವುದು ಬೇರೆ ಜಾತಿಯ ಹಡಗು. 2018ರ ಅಕ್ಟೋಬರಿನಲ್ಲಿ ಮುಂಬಯಿ-ಗೋವಾ ನಡುವೆ ವಿಹಾರದ ಹಡಗೊಂದು ಆರಂಭವಾಯಿತು. ಕೋವಿಡ್ ಕಾಲಕ್ಕೆ ಅದು ನಿಂತುಹೋಯಿತು. ಅನಂತರ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಹಡಗು ಬಂತು. ಕೇಂದ್ರ ಸರ್ಕಾರವೂ 2024ರ ಸೆಪ್ಟೆಂಬರ್ 30ರಂದು 'ಕ್ರೂಸ್ ಭಾರತ್ ಮಿಷನ್' ಎಂಬ ಯೋಜನೆಗೆ ಚಾಲನೆ ನೀಡಿ, 2029ರ ಹೊತ್ತಿಗೆ ಹಡಗುವಿಹಾರಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡಿದೆ. ಸಂಖ್ಯೆ ಇಮ್ಮಡಿಯಾಗಲಿ, ನನ್ನ ಆಕ್ಷೇಪವಿಲ್ಲ. ಆದರೆ ಆ ಸಂಖ್ಯೆಯಲ್ಲಿ ನಮ್ಮ ಮನೆಯವರೂ ಸೇರುವಾಗ ಅವರಿಗೆ ಸಿಗುವುದೇನು ಎಂದು ಕೇಳುವ ಹಕ್ಕು ನಮಗಿದೆ.

2024ರ ಅಕ್ಟೋಬರಿನಲ್ಲಿ ನಮ್ಮ ಕುಟುಂಬದ ಹದಿನಾಲ್ಕು ಮಂದಿ ಇಂಥದೊಂದು ಯಾನಕ್ಕೆ ಹೋದೆವು. ಅಣ್ಣನ ಮಗ ಎಲ್ಲರಿಗೂ ಟಿಕೆಟ್ ತೆಗೆಸಿದ್ದ. ಅವನ ಪ್ರೀತಿಗೆ ಎಣೆಯಿಲ್ಲ, ಆ ಪ್ರೀತಿಯನ್ನು ನಾನು ಇಲ್ಲಿ ದೂರುತ್ತಿಲ್ಲ. ಹಡಗಿನ ಹೆಸರೂ ಬೇಡ. ಅದರ ಸಿಬ್ಬಂದಿ ವಿನಯವಂತರಾಗಿಯೇ ಇದ್ದರು. ಬೆಂಗಳೂರಿನಿಂದ ಮುಂಬಯಿಗೆ ವಿಮಾನ, ಅಲ್ಲಿ ಹಡಗು. ಮಾರನೆಯ ದಿನ ಗೋವೆಯಲ್ಲಿ ಒಂದು ಹಗಲು. ಸಂಜೆ ಹೊರಟರೆ ಮುಂದಿನ ನಿಲುಗಡೆ ಕೊಚ್ಚಿ. ಅಲ್ಲಿಂದ ಮತ್ತೆ ವಿಮಾನದಲ್ಲಿ ಬೆಂಗಳೂರು. ಭೂಪಟ ತೆಗೆದು ನೋಡಿ. ಗೋವೆಗೂ ಕೇರಳಕ್ಕೂ ನಡುವೆ ಸುಮಾರು 320 ಕಿಲೋಮೀಟರ್ ಉದ್ದದ ಒಂದು ತೀರವಿದೆ. ಅದು ಕರ್ನಾಟಕದ್ದು. ಕನ್ನಡಿಗರ ಕುಟುಂಬವೊಂದು ಎರಡು ವಿಮಾನ, ಒಂದು ಹಡಗು ಹತ್ತಿ ಇಳಿದು, ತನ್ನ ನಾಡಿನ ತೀರವನ್ನು ಕತ್ತಲಲ್ಲಿ, ನಿದ್ದೆಯಲ್ಲಿ ದಾಟಿಹೋಯಿತು.

ನಿದ್ದೆ ಮಾಡದೆ ಇದ್ದವರು ಒಬ್ಬರಿದ್ದರು, ನಮ್ಮ ದೊಡ್ಡತ್ತಿಗೆ. ಅವರು ಕುಮಟೆಯ ಕಡೆಯವರು. ಎಚ್‌ಎಂಟಿಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣನನ್ನು ಮದುವೆಯಾಗಿ ಜಾಲಹಳ್ಳಿಗೆ ಬಂದವರು ಇಲ್ಲಿಯವರೇ ಆದರು. ತವರಿನಲ್ಲಿ ಈಗ ಯಾರೂ ಇಲ್ಲ, ಮನೆಯೂ ಇಲ್ಲ. ಎಪ್ಪತ್ತೊಂಬತ್ತು ವಯಸ್ಸು, ಮಂಡಿ ನೋವು. ಹಡಗು ಎಂದೊಡನೆ ಎಲ್ಲರಿಗಿಂತ ಮೊದಲು ಹೊರಟು ನಿಂತವರು ಅವರೇ. ಚಿಕ್ಕವರಿದ್ದಾಗ ತಂದೆ ಹೆಗಲ ಮೇಲೆ ಹೊತ್ತು ದೋಣಿಗೆ ಏರಿಸಿದ್ದು, ದೋಣಿಯಿಂದ ಹಡಗಿಗೆ ಯಾರೋ ಕೈಹಿಡಿದು ಎಳೆದುಕೊಂಡದ್ದು, ದಡದ ತೆಂಗಿನಮರಗಳು ಸಣ್ಣದಾಗುತ್ತ ಹೋದದ್ದು ಅವರಿಗೆ ನೆನಪಿತ್ತು. ಗೋವೆ ಬಿಟ್ಟ ಸಂಜೆ ಬಡಿಸುವ ಹುಡುಗನನ್ನು ನಿಲ್ಲಿಸಿ, "ಕುಮಟೆ ಎಷ್ಟು ಹೊತ್ತಿಗೆ ಬರ್ತದೆ?" ಎಂದು ಕೇಳಿದರು. ಪಾಪ, ಅವನು ದೂರದ ನಾಡಿನವನು. ಹಾಗೊಂದು ಊರಿನ ಹೆಸರನ್ನೇ ಕೇಳಿರಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಮೇಲಿನ ಅಟ್ಟಕ್ಕೆ ಕರೆದುಕೊಂಡು ಹೋದೆ. ಒಂದು ಕಡೆ ಕಿವಿ ಕಿವುಡಾಗುವಂಥ ಹಾಡು. ಪೂರ್ವದ ಕಂಬಿ ಹಿಡಿದು ನಿಂತರು. ಕತ್ತಲು. ದೂರದಲ್ಲಿ ಸಾಲಾಗಿ ದೀಪಗಳು ಕಂಡವು. ಮೊಮ್ಮಗಳು, "ದೊಡ್ಡಜ್ಜಿ, ಅಗೋ ನಿಮ್ಮೂರು!" ಎಂದಳು. ಅತ್ತಿಗೆ ಸ್ವಲ್ಪ ಹೊತ್ತು ನೋಡಿ, "ಅಲ್ಲ ಮಗಾ, ಅದು ದಡ ಅಲ್ಲ. ಮೀನಿನ ಬೋಟುಗಳು" ಎಂದರು. ಇಷ್ಟು ವರ್ಷಗಳ ಮೇಲೂ ಅವರಿಗೆ ಆ ವ್ಯತ್ಯಾಸ ತಿಳಿಯುತ್ತಿತ್ತು. ಕೈಯ ಎಚ್‌ಎಂಟಿ ಗಡಿಯಾರ ನೋಡಿಕೊಂಡರು. ಕತ್ತಲಿಗೆ ಕೈಮುಗಿದು, "ನಡೀರಿ, ಚಳಿ" ಎಂದರು. ಅಷ್ಟೇ ಅವರ ತವರು ಯಾತ್ರೆ.

ಅಣ್ಣನ ಮಗ ಆ ರಾತ್ರಿಯ ವಿಷಯ ತಿಳಿದು ಬಹಳ ನೊಂದುಕೊಂಡ. ನೊಂದುಕೊಳ್ಳಬೇಕಾದುದು ಅವನೊಬ್ಬನೇ ಅಲ್ಲ. ಆ ತೀರದಲ್ಲಿ ಆಗ ಏನಾಗಿತ್ತು ಎಂಬುದನ್ನು ನೆನೆದರೆ ನಮ್ಮೆಲ್ಲರ ಮೈಮರೆವು ಇನ್ನೂ ನಾಚಿಕೆ ತರಿಸುತ್ತದೆ. ಅದೇ ವರ್ಷದ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಗಂಗಾವಳಿ ಹೊಳೆಯವರೆಗೂ ನುಗ್ಗಿ, ಹಲವರು ಸತ್ತಿದ್ದರು. ರಸ್ತೆಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೂ ಅದರಲ್ಲಿ ಸೇರಿತ್ತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಿತ್ತು. ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. ಇವೆಲ್ಲ ನಮ್ಮ ಹಡಗಿನ ಎಡಮಗ್ಗುಲಲ್ಲೇ ಇದ್ದವು. ನಮ್ಮ ಮಕ್ಕಳಿಗೆ ಅಲ್ಲಿ ತಿಳಿದದ್ದು ಈಜುಕೊಳ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದೊಂದೇ. ಪ್ರವಾಸಕ್ಕೆ ಹೋದವರು ಅಳುತ್ತ ಕೂರಬೇಕೆಂದು ನಾನು ಹೇಳುವುದಿಲ್ಲ. ಆದರೆ ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದು ದೇಶ ಕಣ್ಣಿಗೆ ಬೀಳಲಿ ಎಂದು ತಾನೇ?

ಇನ್ನು 'ಕುಟುಂಬ' ಎಂಬ ಮಾತು. ಎಲ್ಲರೂ ಒಂದೆಡೆ ಇರಬಹುದೆಂಬುದೇ ಈ ಯಾನದ ದೊಡ್ಡ ಆಕರ್ಷಣೆಯೆಂದು ಹೇಳುತ್ತಾರೆ. ನಾನು ಕಂಡದ್ದು ಬೇರೆ. ಹದಿನಾಲ್ಕು ಜನರಿಗೆ ಐದು ಕೋಣೆ, ಅವೂ ಮೂರು ಅಂತಸ್ತುಗಳಲ್ಲಿ. ಅಗ್ಗವೆಂದು ಹಿರಿಯರಿಗೆ ತೆಗೆದದ್ದು ಕಿಟಕಿಯೇ ಇಲ್ಲದ ಒಳಕೋಣೆ. ಕಡಲ ನಡುವೆ ಇದ್ದೂ ಕಡಲು ಕಾಣದು, ಹಗಲು-ರಾತ್ರಿಗಳ ಭೇದ ತಿಳಿಯದು. ಚಿಕ್ಕ ಮಕ್ಕಳಿಗೆ ಆಟದ ಕೋಣೆ, ಹರೆಯದವರಿಗೆ ಕುಣಿತದ ಕೋಣೆ, ಗಂಡಸರಲ್ಲಿ ಕೆಲವರಿಗೆ ಜೂಜಿನ ಮೇಜು, ಸೊಸೆಯಂದಿರಿಗೆ ಅಂಗಡಿ. ಮೊಬೈಲಿಗೆ ಸಂಪರ್ಕ ಸಿಗದೆ ಒಬ್ಬರನ್ನೊಬ್ಬರು ಹುಡುಕುವುದೇ ಒಂದು ಉದ್ಯೋಗ. ಆ ಇಡೀ ಯಾನದಲ್ಲಿ ನಾವು ಹದಿನಾಲ್ಕೂ ಮಂದಿ ಒಟ್ಟಿಗೆ ನಿಂತದ್ದು ಒಮ್ಮೆ ಮಾತ್ರ: ಮೊದಲ ದಿನ, ಹಡಗು ಮುಳುಗುವ ಸಂದರ್ಭ ಬಂದರೆ ಏನು ಮಾಡಬೇಕೆಂದು ಗಂಟೆ ಬಾರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋರಿಸಿಕೊಟ್ಟಾಗ. ಕುಟುಂಬವನ್ನು ಒಗ್ಗೂಡಿಸಲು ಮುಳುಗುವ ಭಯವೇ ಬೇಕಾಯಿತೇ?

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ನಾನು ಬಲ್ಲೆ. ಅವುಗಳಲ್ಲಿ ಎರಡು ತೂಕದವು, ನುಣುಚಿಕೊಂಡು ಹೋಗುವಂತಿಲ್ಲ.

ಮೊದಲನೆಯದು ಹಿರಿಯರ ಅನುಕೂಲ. ಹಡಗಿನಲ್ಲಿ ಲಿಫ್ಟ್ ಇದೆ, ವೈದ್ಯರಿದ್ದಾರೆ, ದಿನಕ್ಕೊಂದು ಊರಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಗೋಳಿಲ್ಲ. ಇದು ನಿಜ. ಬಸ್ಸಿನಲ್ಲಿ ಘಟ್ಟದ ತಿರುವುಗಳನ್ನು ಸಹಿಸಲಾರದವರಿಗೆ ಹಡಗು ಸುಖವೇ. ಆದರೆ ಅನುಕೂಲವೆಂಬುದು ಯಾವುದಕ್ಕೆ ಅನುಕೂಲ? ನೋಡಬೇಕಾದುದನ್ನು ನೋಡುವುದಕ್ಕೆ ತಾನೇ? ದೇವಸ್ಥಾನದ ಮೆಟ್ಟಿಲಿಗೆ ಇಳಿಜಾರು ಕಟ್ಟಿಸಿ, ಗರ್ಭಗುಡಿಯ ಬಾಗಿಲು ಹಾಕಿಕೊಂಡಂತಾಯಿತು. ಅತ್ತಿಗೆಯ ಮಂಡಿಗೆ ನಾಲ್ಕು ದಿನ ಸುಖವಿತ್ತು. ಅವರು ಹೊರಟದ್ದು ಮಂಡಿಯ ಸುಖಕ್ಕಾಗಿ ಅಲ್ಲ.

ಎರಡನೆಯದು ಇನ್ನೂ ತೂಕದ್ದು. ಅದನ್ನು ಆಡಿದವಳು ನಮ್ಮ ಮನೆಯ ಸೊಸೆ. "ನೀವೆಲ್ಲ ಹಳೆಯ ಪ್ರವಾಸಗಳನ್ನು ಹೊಗಳುತ್ತೀರಿ, ಸರಿ. ಹೊರಡುವ ಹಿಂದಿನ ರಾತ್ರಿ ಹನ್ನೆರಡರವರೆಗೆ ಪುಳಿಯೋಗರೆ ಕಲಸಿದವರು ಯಾರು? ಛತ್ರದಲ್ಲಿ ಎಲ್ಲರ ಬಟ್ಟೆ ಒಗೆದವರು ಯಾರು? ನನಗೆ ತಿಳಿದಮಟ್ಟಿಗೆ ಈ ಮನೆಯ ಹೆಂಗಸರು ಕೈಕಟ್ಟಿ ಕೂತು ಉಂಡ ಪ್ರವಾಸ ಇದೊಂದೇ." ಈ ಮಾತಿಗೆ ಎದುರುತ್ತರ ಕೊಡುವುದು ಸುಲಭವಲ್ಲ, ಕೊಡಲೂಬಾರದು. ಎಲ್‌ಟಿಸಿ ಕಾಲದ ನೆನಪುಗಳು ಗಂಡಸರಿಗೆ ಸಿಹಿಯಾಗಿರುವುದಕ್ಕೆ ಹೆಂಗಸರ ದುಡಿಮೆಯೇ ಕಾರಣ. ಆದರೆ ಆ ಅನ್ಯಾಯಕ್ಕೆ ಪರಿಹಾರ ಹಡಗಿನ ಟಿಕೆಟ್ಟಿನಲ್ಲಿ ಮಾತ್ರ ಇದೆಯೇ? ಕರಾವಳಿಯ ಯಾವ ಪೇಟೆಯಲ್ಲಿ ಒಳ್ಳೆಯ ಊಟದ ಹೋಟೆಲಿಲ್ಲ ಹೇಳಿ? ಇಡೀ ಭಾರತಕ್ಕೆ ಇಡ್ಲಿ-ದೋಸೆ ಬಡಿಸಲು ಹೊರಟ ನಾಡು ಅದು. ಹೊರಡುವ ಮುನ್ನ, "ಈ ಪ್ರವಾಸದಲ್ಲಿ ನಮ್ಮ ಹೆಂಗಸರು ಒಲೆ ಮುಟ್ಟುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಮಕ್ಕಳ ಹೊಣೆ ಗಂಡಸರದು" ಎಂದು ಮನೆಯ ಯಜಮಾನನೆನಿಸಿಕೊಂಡವನು ಮಾತು ಕೊಡಲಿ. ಕೊಟ್ಟ ಮಾತು ಉಳಿಸಿಕೊಳ್ಳಲಿ. ಅದಕ್ಕೆ ಹತ್ತು ಅಂತಸ್ತಿನ ಹಡಗು ಬೇಡ; ಮರ್ಯಾದೆ ಇದ್ದರೆ ಸಾಕು.

ಮೂರನೆಯ ಮಾತೊಂದಿದೆ, ಹಗುರವಾದುದು: "ಮೇಷ್ಟ್ರು ಹಳೆಯ ಕಾಲದವರು, ಸಮುದ್ರಯಾನ ನಿಷಿದ್ಧ ಎನ್ನುವವರ ಪೈಕಿ." 1888ರಲ್ಲಿ ಗಾಂಧೀಜಿ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹಡಗು ಹತ್ತಿದ್ದಕ್ಕೆ ಅವರ ಜಾತಿಯವರು ಬಹಿಷ್ಕಾರ ಹಾಕಿದ್ದರು. ಆ ಜಾತಿಯವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಇಂಥ ಯಾನಗಳಲ್ಲಿ ನಾವು ಸಾಕಷ್ಟು ಕಡಲನ್ನೇ ಕಾಣುವುದಿಲ್ಲ ಎಂಬುದು ನನ್ನ ದೂರು.

ಹಾಗಾದರೆ ಕುಟುಂಬದ ತೀರಯಾನ ಹೇಗಿರಬೇಕು? ನಮ್ಮದೇ ತೀರದಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. 1883ರಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ಅವರ ಮನೆಗೆ ಬಂಧುಗಳ ದಂಡೇ ಬಂದಿತ್ತು. ಇಪ್ಪತ್ತೆರಡರ ತಮ್ಮ ರವೀಂದ್ರನಾಥನೂ ಅದರಲ್ಲಿದ್ದ. ಒಂದು ಬೆಳದಿಂಗಳ ರಾತ್ರಿ ಅವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದರು. ದಾರಿಯಲ್ಲಿ ಇಳಿದು ಹಳೆಯ ಕೋಟೆ ನೋಡಿದರು. ಹಿಂತಿರುಗುವಾಗ ಅಳಿವೆ ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ದೋಣಿ ಬಿಟ್ಟು ಮರಳ ಮೇಲೆ ನಡೆದೇ ಮನೆ ಸೇರಿದರು. ಅದನ್ನು ಕವಿ ತಮ್ಮ ಜೀವನಸ್ಮೃತಿಯಲ್ಲಿ ಬರೆದಿಟ್ಟಿದ್ದಾರೆ. ಕಾರವಾರದಲ್ಲೇ 'ಪ್ರಕೃತಿಯ ಪ್ರತಿಶೋಧ' ಎಂಬ ನಾಟಕವನ್ನೂ ಬರೆದರು. ಅಲ್ಲಿಂದ ಮರಳಿದ ಸ್ವಲ್ಪ ಕಾಲದಲ್ಲಿ, ಆ ಡಿಸೆಂಬರಿನಲ್ಲಿ ಅವರ ವಿವಾಹವಾಯಿತು. ಒಂದು ದೋಣಿ, ಒಂದು ನದಿ, ಒಂದು ಕೋಟೆ, ಮನೆಮಂದಿ. ಆ ಒಂದು ರಾತ್ರಿಯ ನೆನಪು ಅವರಿಗೆ ಬದುಕಿಡೀ ಉಳಿಯಿತು.

ಇಂಥದು ನಮಗೆ ಇಂದು ಅಸಾಧ್ಯವೇ? ಖಂಡಿತ ಅಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿಯ ರೈಲಿದೆ. ಗಂಗೊಳ್ಳಿಯ ಐದು ಹೊಳೆಗಳ ನೆನಪಿಗೆ ಅದಕ್ಕೆ 'ಪಂಚಗಂಗಾ' ಎಂಬ ಹೆಸರು. ಹಿರಿಯರಿಗೆ ಕೆಳಗಿನ ಬರ್ತ್ ಮೊದಲೇ ಕಾದಿರಿಸಿ. ಒಂದೇ ಊರಿನಲ್ಲಿ ಎರಡೆರಡು ರಾತ್ರಿ ತಂಗಿ. ಆಗ ಪೆಟ್ಟಿಗೆ ಕಟ್ಟುವ ಕಷ್ಟವೂ ಕಡಿಮೆ. ಕುಮಟೆಯ ಬಳಿ ಅಘನಾಶಿನಿ ಗ್ರಾಮದಿಂದ ತದಡಿಗೆ ನದಿ ದಾಟುವ ದೋಣಿ ಇದೆ. ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುವ ಅಪರೂಪದ ನದಿ ಅದು. ಉಪ್ಪುನೀರಿಗೂ ಜಗ್ಗದ 'ಕಗ್ಗ' ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುವ ರೈತರು, ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಚಿಪ್ಪಿನ ಜೀವಿಗಳನ್ನು ಹೆಕ್ಕುವ ಹೆಂಗಸರು ಅಲ್ಲಿದ್ದಾರೆ. ಮಕ್ಕಳು ನೋಡಲಿ, ಮಾತಾಡಿಸಲಿ. ಹೊನ್ನಾವರದಲ್ಲಿ ಶರಾವತಿಯ ಅಳಿವೆ. ನಮ್ಮ ಮನೆಯ ದೀಪಕ್ಕೂ ಆ ನದಿಗೂ ಇರುವ ಸಂಬಂಧವನ್ನು ಅಲ್ಲಿಯೇ ಹೇಳಿಕೊಡಬಹುದು. ಕಾಸರಕೋಡಿನ ಕಾಂಡ್ಲಾ ಕಾಡಿನ ನಡುವಿನ ಮರದ ಕಾಲುದಾರಿಯಲ್ಲಿ ವಯಸ್ಸಾದವರೂ ನಿಧಾನವಾಗಿ ನಡೆಯಬಹುದು.

ಮಲ್ಪೆಯಿಂದ ಸೇಂಟ್ ಮೇರಿ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಶರತ್ಕಾಲದಲ್ಲೇ ಅದು ಮತ್ತೆ ತೆರೆಯುವುದು. ಅಲ್ಲಿಯ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು ಆದವು. ಮಂಗಳೂರಿನಲ್ಲಿ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯ ಬುಡದಲ್ಲಿ ಫಲ್ಗುಣಿ ನದಿಯನ್ನು ನೋಡಿ. ಎಲ್ಲಿ ದೋಣಿ ಹತ್ತಿದರೂ ಜೀವರಕ್ಷಕ ಕವಚ ಕೇಳಿ ತೊಡಿ. ಬಂದರಿನಲ್ಲಿ ಎಚ್ಚರಿಕೆಯ ಸಂಕೇತ ಏರಿಸಿದ್ದರೆ ದಡದಲ್ಲೇ ಕೂತು ಕಾಫಿ ಕುಡಿಯಿರಿ. ಶರತ್ಕಾಲದ ಕಡಲೂ ಸದಾ ಸಾಧುವಲ್ಲ: 2019ರ ಅಕ್ಟೋಬರಿನಲ್ಲಿ 'ಕ್ಯಾರ್' ಚಂಡಮಾರುತ ಎದ್ದಾಗ ಎಷ್ಟೋ ದೋಣಿಗಳು ಕಾರವಾರದ ಬಂದರಿಗೆ ಓಡಿಬಂದು ಆಶ್ರಯ ಪಡೆದವು. ಅದನ್ನು ತಿಳಿಯುವುದೂ ತೀರಯಾನದ ಪಾಠವೇ.

ಕೊನೆಯದಾಗಿ, ಆಳುವವರಿಗೆ ಒಂದು ಮಾತು. ಸರ್ಕಾರದಲ್ಲಿ ಕೆಲಸ ಮಾಡುತ್ತಿರುವ ನನ್ನ ಶಿಷ್ಯರು ಇದನ್ನು ತಮಗೇ ಹೇಳಿದ್ದೆಂದು ತಿಳಿಯಲಿ. ಕೊಚ್ಚಿಯಲ್ಲಿ 2023ರ ಏಪ್ರಿಲಿನಲ್ಲಿ ಜಲ ಮೆಟ್ರೋ ಆರಂಭವಾಯಿತು. ಆಗ ಕನಿಷ್ಠ ದರ 20 ರೂಪಾಯಿ ಇತ್ತು. ಕೂಲಿಯವನೂ ಪ್ರವಾಸಿಯೂ ಅಕ್ಕಪಕ್ಕ ಕೂತು ಹೋಗುತ್ತಾರೆ. ಮುಂಬಯಿಯಿಂದ ಮಾಂಡ್ವಾಕ್ಕೆ 2020ರಿಂದ ವಾಹನಗಳನ್ನೂ ಹೊರುವ ಹಡಗು ಓಡುತ್ತಿದೆ. ಲಕ್ಷದ್ವೀಪದ ಜನ ಇಂದಿಗೂ ಕೊಚ್ಚಿಯಿಂದ ಸರ್ಕಾರದ ಹಡಗಿನಲ್ಲೇ ಊರಿಗೆ ಹೋಗುತ್ತಾರೆ. ಅದೇ ದ್ವೀಪಸಮೂಹದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯುತ್ತಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಇಷ್ಟೆಲ್ಲ ಕಡಲ ನಂಟಿರುವ ನಾಡಿನಲ್ಲಿ ಕಾರವಾರದಿಂದ ಮಂಗಳೂರಿಗೆ, ಊರೂರಿಗೆ ನಿಲ್ಲುವ, ಸಾಮಾನ್ಯರ ಜೇಬಿಗೆ ಎಟುಕುವ ಒಂದು ಹಡಗನ್ನು ವರ್ಷದ ನಾಲ್ಕು ತಿಂಗಳಾದರೂ ಓಡಿಸಲಾಗದೇ? ನವಮಂಗಳೂರು ಬಂದರಿಗೆ ಪ್ರತಿ ಹಂಗಾಮಿನಲ್ಲಿ ವಿದೇಶದ ವಿಹಾರ ಹಡಗುಗಳು ಬರುತ್ತವೆ. ಅವರಿಗೆ ಚೆಂಡೆ ಬಾರಿಸಿ ಸ್ವಾಗತ ಕೋರಿ, ಕದ್ರಿ, ಮೂಡುಬಿದಿರೆಗಳನ್ನು ತೋರಿಸಿ ಕಳಿಸುತ್ತೇವೆ. ಪರದೇಶದ ಪ್ರವಾಸಿಗೆ ಕನ್ನಡ ಕರಾವಳಿಯಲ್ಲಿ ಇಳಿಯುವ ಭಾಗ್ಯವಿದೆ. ಕುಮಟೆಯಲ್ಲಿ ಹುಟ್ಟಿದವಳಿಗೆ ಇಲ್ಲ. ಇದು ಯಾವ ನ್ಯಾಯ?

ಅಂಥ ಹಡಗು ಬರುವವರೆಗೆ ನನ್ನ ಸಲಹೆ ಸರಳವಾದುದು. ಟಿಕೆಟ್ ಕಾದಿರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಈ ಯಾನ ನಮ್ಮ ನಾಡಿನ ದಡವನ್ನು ಒಮ್ಮೆಯಾದರೂ ಮುಟ್ಟುತ್ತದೆಯೇ? ನಮ್ಮ ಮನೆಯ ಅತ್ಯಂತ ಹಿರಿಯರು ನೋಡಬೇಕೆಂದು ಬಯಸಿದ್ದನ್ನು ಹಗಲು ಬೆಳಕಿನಲ್ಲಿ ತೋರಿಸುತ್ತದೆಯೇ? ಎರಡಕ್ಕೂ ಉತ್ತರ 'ಹೌದು' ಎಂದಾದರೆ ಧಾರಾಳವಾಗಿ ಹೋಗಿ, ನನ್ನ ಆಶೀರ್ವಾದವಿದೆ. 'ಇಲ್ಲ' ಎಂದಾದರೆ ಆ ಹಣದಲ್ಲಿ ಒಂದು ಪಾಲು ಖರ್ಚು ಮಾಡಿ, ಮನೆಮಂದಿಯೆಲ್ಲ ಅಘನಾಶಿನಿಯ ದೋಣಿ ಹತ್ತಿ. ಹತ್ತುವ ಮುನ್ನ ಹಿರಿಯರನ್ನು ಕೇಳಿ, ಅವರ ಊರು ಯಾವ ದಿಕ್ಕಿಗೆ ಎಂದು. ಮಕ್ಕಳಿಗೆ ಅವರೇ ತೋರಿಸಿಕೊಡಲಿ.